ತಾಮ್ರದ ಮೇಲೆ ಕೆತ್ತಿದ ನಗೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಧರ್ಮಕೇಂದ್ರದ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಹೆಚ್ಚು ಹೊತ್ತು ನಿಲ್ಲುವುದು ಪಶ್ಚಿಮದ ಗೋಡೆಯ ಮುಂದೆ. 1780ರ ಪೊಳ್ಳಿಲೂರು ಕಾಳಗದ ಚಿತ್ರ ಅಲ್ಲಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ; ಕೆಂಪಂಗಿಯ ಸೈನಿಕರು ಅವನ ಸುತ್ತ ಇಕ್ಕಟ್ಟಾಗಿ ನಿಂತಿದ್ದಾರೆ. ಮೇಲಿನ ಮೂಲೆಯಲ್ಲಿ ಹೈದರಾಬಾದಿನ ನಿಜಾಮನ ದಂಡು ಕಾಣುತ್ತದೆ. ಅದರ ಬಳಿ ಒಂದು ಹಂದಿ, ಒಂದು ಹಸು. ಹಂದಿಯಂತೆ ನುಗ್ಗಿ ಬಂದವನು ಹಸುವಿನಂತೆ ಹಿಂದಿರುಗಿದ ಎಂಬುದು ಅದರ ತಾತ್ಪರ್ಯವೆಂದು ಮಾರ್ಗದರ್ಶಿಗಳು ವಿವರಿಸುತ್ತಾರೆ. ಮಕ್ಕಳು ಕಿಲಕಿಲ ನಗುತ್ತಾರೆ. ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಹಾಸ್ಯ ಇಂದಿಗೂ ತನ್ನ ಕೆಲಸ ಮಾಡುತ್ತಿದೆಯಲ್ಲಾ ಎಂದು ನನಗೆ ಅಚ್ಚರಿಯಾಗುತ್ತದೆ.

ಆಂಗ್ಲ ಇತಿಹಾಸಕಾರರು ದಾಖಲಿಸಿರುವ ಇನ್ನೊಂದು ಸಂಗತಿಯೂ ಉಂಟು. ಟಿಪ್ಪುವಿನ ಅಪ್ಪಣೆಯಂತೆ ಪಟ್ಟಣದ ಮುಖ್ಯ ಬೀದಿಗಳ ಮನೆಗಳ ಗೋಡೆಗಳ ಮೇಲೆ ಇಂಗ್ಲಿಷರ ಆಳೆತ್ತರದ ವಿಡಂಬನಾ ಚಿತ್ರಗಳಿದ್ದವು. ನಡುಗುವ ಇಂಗ್ಲಿಷನನ್ನು ಹುಲಿ ಹಿಡಿದಿರುವುದು, ಸವಾರನೊಬ್ಬ ಒಂದೇ ಏಟಿಗೆ ಎರಡು ತಲೆಗಳನ್ನು ಕತ್ತರಿಸುವುದು, ಹೀಗೆ. ಲಾರ್ಡ್ ಕಾರ್ನ್‌ವಾಲಿಸನ ದಂಡು ಸಮೀಪಿಸಿದಾಗ ಅವನ್ನು ಅಳಿಸಿಹಾಕಿದರಂತೆ. ಸುಣ್ಣ ಬಳಿದ ಆ ಗೋಡೆಗಳು ಇಂದು ಇಲ್ಲ. ಆದರೆ ಅದೇ ಕಾಲದಲ್ಲಿ ಏಳು ಸಮುದ್ರಗಳಾಚೆಯ ಲಂಡನ್ನಿನಲ್ಲಿ ಇದೇ ಪಟ್ಟಣದ ಬಗ್ಗೆ ಬರೆದ ಒಂದು ವಿಡಂಬನಾ ಚಿತ್ರ ಅಳಿಯದೆ ಉಳಿದುಕೊಂಡಿದೆ. ಅದನ್ನು ಬರೆದವನು ಜೇಮ್ಸ್ ಗಿಲ್‌ರೇ.

ಚಿತ್ರ ಪ್ರಕಟವಾದದ್ದು 1791ರ ಡಿಸೆಂಬರ್ 6ರಂದು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದ. ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ದಂಡಿಗೆ ಅಕ್ಕಿ ಇಲ್ಲದಾಯಿತು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಒಡೆಸಿ ಅವನು ಬೆಂಗಳೂರಿನ ಕಡೆಗೆ ಹಿಂದಿರುಗಿದ. ಈ ಸುದ್ದಿ ಲಂಡನ್ನಿಗೆ ತಲುಪಿದಾಗ ಅಲ್ಲಿನವರಿಗೆ ಹತ್ತು ವರ್ಷ ಹಿಂದಿನ ಇನ್ನೊಂದು ಸುದ್ದಿ ನೆನಪಾಗದೆ ಇರಲಿಲ್ಲ. 1781ರಲ್ಲಿ ಅಮೇರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನೂ ಈ ಕಾರ್ನ್‌ವಾಲಿಸನೇ. ಗಿಲ್‌ರೇ ತನ್ನ ಚಿತ್ರಕ್ಕೆ 'ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು' ಎಂಬರ್ಥದ ಹೆಸರಿಟ್ಟ. ಕೋಟೆಯ ಗೋಡೆಯ ಮೇಲೆ ಟಿಪ್ಪು ನಿಂತಿದ್ದಾನೆ. ಕೆಳಗೆ ಕಾರ್ನ್‌ವಾಲಿಸ್ ಗಾಬರಿಯಿಂದ ಓಡುತ್ತಿದ್ದಾನೆ. ಮುಂಗಾರು ಮಳೆ ಆಕಾಶದಿಂದ ಸುರಿಯುತ್ತಿಲ್ಲ. ಓದುಗರು ಕ್ಷಮಿಸಬೇಕು, ಗೋಡೆಯ ಮೇಲಿನಿಂದ ಟಿಪ್ಪು ಅವನ ಮೇಲೆ ಮೂತ್ರ ವಿಸರ್ಜಿಸುತ್ತಿದ್ದಾನೆ.

ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಇಂಥದ್ದನ್ನು ಬರೆಯಬೇಕೇ ಎಂದು ನಾನೂ ಯೋಚಿಸಿದೆ. ಆದರೆ ಮುಚ್ಚಿಟ್ಟು ಹೇಳಿದರೆ ಈ ಕಲೆಯ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ತನ್ನ ದೇಶದ ಮಹಾದಂಡನಾಯಕನನ್ನು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಶತ್ರುವಿನ ಕೈಯಲ್ಲಿ ಹೀಗೆ ನೆನೆಯಿಸಿ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಲು ಒಬ್ಬ ಕಲಾವಿದನಿಗೆ ಸಾಧ್ಯವಾಯಿತು. ಅವನನ್ನು ಯಾರೂ ಬಂಧಿಸಲಿಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಈ ಚಿತ್ರವನ್ನು ನೋಡುವಾಗ ನನ್ನನ್ನು ಕಾಡುವ ವಿಷಯ ಬೇರೊಂದಿದೆ. 1784ರ ಫೆಬ್ರುವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ ಆರಂಭವಾದ ಸೆರೆಯಲ್ಲಿ ಕರಾವಳಿಯ ಕಥೋಲಿಕ ಕುಟುಂಬಗಳು ಘಟ್ಟ ಹತ್ತಿ ಇದೇ ಶ್ರೀರಂಗಪಟ್ಟಣಕ್ಕೆ ಬಂದಿದ್ದವು. ದಾರಿಯಲ್ಲಿಯೇ ಮಡಿದವರೆಷ್ಟೋ ಮಂದಿ. ಬದುಕಿ ಉಳಿದವರು ಬಿಡುಗಡೆ ಕಂಡದ್ದು 1799ರಲ್ಲಿ. ಗಿಲ್‌ರೇ ತನ್ನ ಚಿತ್ರ ಬರೆದಾಗ ಆ ಸೆರೆಗೆ ಏಳು ವರ್ಷ ತುಂಬಿತ್ತು. ಕಾರ್ನ್‌ವಾಲಿಸ್ ಹಿಮ್ಮೆಟ್ಟಿದ ಸುದ್ದಿ ಅವರಿಗೆ ನಗೆಯ ವಿಷಯವಾಗಿರಲಾರದು. ಚಿತ್ರದಲ್ಲಿ ಕೋಟೆ ಇದೆ, ಸುಲ್ತಾನನಿದ್ದಾನೆ, ಸೇನಾಪತಿ ಇದ್ದಾನೆ. ಕೋಟೆಯ ಆಚೆಗೆ ಜನರಿದ್ದಾರೆ ಎಂಬ ಗುಮಾನಿಯೇ ಚಿತ್ರಕಾರನಿಗಿಲ್ಲ. ಸೆರೆಯಲ್ಲಿದ್ದವರಿರಲಿ, ಎರಡು ದಂಡುಗಳ ನಡುವೆ ಸಿಕ್ಕಿ ಬೆಳೆ ಕಳೆದುಕೊಂಡ ಈ ಸೀಮೆಯ ರೈತನೂ ಅವನ ಕಣ್ಣಿಗೆ ಬೀಳಲಿಲ್ಲ. ಇದು ಗಿಲ್‌ರೇಯ ಅಪರಾಧವಲ್ಲ. ಅವನಿಗೆ ಬೇಕಾಗಿದ್ದದ್ದು ಮೈಸೂರಲ್ಲ, ಲಂಡನ್ನು.

ವಿಡಂಬನಾ ಚಿತ್ರಕ್ಕೆ ಯೂರೋಪಿನವರು ಕೊಟ್ಟಿರುವ ಹೆಸರಿನ ಮೂಲ ಇಟಲಿಯ ಭಾಷೆಯಲ್ಲಿದೆ. 'ಭಾರ ಹೇರು' ಎಂದು ಅದರ ಅರ್ಥ. ಮೂಗು ಸ್ವಲ್ಪ ಉದ್ದವಿದ್ದರೆ ಅದರ ಮೇಲೆ ಇನ್ನಷ್ಟು ಭಾರ ಹೇರುವುದು. ಈ ಆಟ ಹುಟ್ಟಿ ಬೆಳೆದದ್ದು ಧರ್ಮಸಭೆಯ ಅಂಗಳದಲ್ಲಿಯೇ ಎಂದರೆ ನಮ್ಮ ಓದುಗರಿಗೆ ಆಶ್ಚರ್ಯವಾದೀತು. ರೋಮಿನ ಸಂತ ಪೇತ್ರರ ಚೌಕದ ಮಹಾಸ್ತಂಭಸಾಲನ್ನು ರೂಪಿಸಿದ ಬೆರ್ನಿನಿ, ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರನ್ನು ಹಾಸಿಗೆಯಲ್ಲಿ ಒರಗಿದ, ಮಿಡತೆಯಂತೆ ಬಡಕಲಾದ ಒಂದು ಆಕೃತಿಯಾಗಿ ಕೆಲವೇ ಗೆರೆಗಳಲ್ಲಿ ಬರೆದಿದ್ದಾನೆ. ಗೆತ್ಸಿ ಎಂಬ ರೋಮನ್ ಕಲಾವಿದ ಕಾರ್ಡಿನಲರನ್ನೂ ಗುರುಗಳನ್ನೂ ಬರೆದು ಅವರ ನಡುವೆಯೇ ಬಾಳಿದ. ಅದು ಮನೆಯೊಳಗಿನ ನಗೆ. ಇಟಲಿ ಪ್ರವಾಸ ಮಾಡಿದ ಇಂಗ್ಲಿಷ್ ಶ್ರೀಮಂತರು ಅದನ್ನು ತಮ್ಮ ನಾಡಿಗೆ ಒಯ್ದರು. ಅಲ್ಲಿ ಅದು ಬೀದಿಗೆ ಬಂತು, ರಾಜಕೀಯಕ್ಕೆ ಬಂತು, ವ್ಯಾಪಾರವಾಯಿತು.

ವ್ಯಾಪಾರದ ರೀತಿ ಹೀಗಿತ್ತು. ತಾಮ್ರದ ಹಲಗೆಗೆ ಮೇಣದಂಥ ಲೇಪ ಹಚ್ಚಿ ಸೂಜಿಯಿಂದ ಗೆರೆ ಎಳೆಯುವುದು. ಆಮ್ಲ ಸುರಿದರೆ ಲೇಪ ಕಿತ್ತ ಗೆರೆಗಳಲ್ಲಿ ಮಾತ್ರ ತಾಮ್ರ ಸವೆಯುತ್ತದೆ. ಆ ತಗ್ಗುಗಳಿಗೆ ಮಸಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತುವುದು. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ಅಕ್ಷರಗಳನ್ನೂ ತಿರುಗುಮುರುಗಾಗಿ ಬರೆಯಬೇಕು. ಆಮೇಲೆ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ. ಬಣ್ಣದ ಪ್ರತಿಗೆ ಒಂದೆರಡು ಶಿಲಿಂಗ್ ಬೆಲೆ. ಕೂಲಿಯವನಿಗೆ ಅದು ಎಟಕುವಂಥದ್ದಲ್ಲ. ಆದರೆ ಕಿಟಕಿಯಲ್ಲಿ ನೋಡಲು ಕಾಸು ಬೇಡ. ಹ್ಯಾನಾ ಹಂಫ್ರಿ ಎಂಬ ಮಹಿಳೆಯ ಅಂಗಡಿಯ ಮುಂದೆ ಜನ ಗುಂಪುಗೂಡಿ ನಿಲ್ಲುತ್ತಿದ್ದರು. ಆಕೆಯ ಅಂಗಡಿಯ ಮಾಳಿಗೆಯಲ್ಲಿಯೇ ಗಿಲ್‌ರೇಯ ವಾಸ. ಪುಸ್ತಕ, ಪತ್ರಿಕೆಗಳಿಗೆ ಮುಂಚಿತ ಪರವಾನಗಿ ಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1695ರಲ್ಲಿಯೇ ಕೊನೆಗೊಂಡಿತ್ತು. ಬರೆದ ಮೇಲೆ ಮೊಕದ್ದಮೆ ಹೂಡಬಹುದಿತ್ತು ನಿಜ. ಆದರೆ ಮಂತ್ರಿಯೊಬ್ಬ ನ್ಯಾಯಾಲಯದಲ್ಲಿ ನಿಂತು, ಅಣಬೆಯ ಆಕಾರದಲ್ಲಿರುವ ಈ ಮುಖ ನನ್ನದೇ ಎಂದು ಪ್ರಮಾಣ ಮಾಡುವುದು ಹೇಗೆ? 1791ರ ಅದೇ ಡಿಸೆಂಬರ್ ತಿಂಗಳಲ್ಲಿ ಗಿಲ್‌ರೇ ಪ್ರಧಾನಿ ವಿಲಿಯಂ ಪಿಟ್ಟನನ್ನು ತಿಪ್ಪೆಯ ಮೇಲೆ ಬೆಳೆದ ಅಣಬೆಯಾಗಿ ಬರೆದಿದ್ದ. ಅಣಬೆಯ ಬೇರುಗಳು ಇಳಿದದ್ದು ರಾಜಕಿರೀಟದ ಆಕಾರದಲ್ಲಿ.

ಗಿಲ್‌ರೇಯ ಕೃತಿಗಳಲ್ಲಿ ನಾನು ಅತ್ಯುತ್ತಮವೆಂದು ಎಣಿಸುವುದು 1792ರ ಜುಲೈ ತಿಂಗಳ ಒಂದು ಜೋಡಿಯನ್ನು. ಮೊದಲನೆಯದರಲ್ಲಿ ಯುವರಾಜ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದಾನೆ. ಮೇಲಂಗಿಯ ಗುಂಡಿಗಳು ಹೊಟ್ಟೆಯನ್ನು ತಡೆಯಲಾರದೆ ಸೋತಿವೆ; ಮುಳ್ಳುಚಮಚದಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದಾನೆ; ತೀರಿಸದ ಸಾಲದ ಚೀಟಿಗಳು ಹಿಂದೆ ರಾಶಿ ಬಿದ್ದಿವೆ. ಎರಡನೆಯದರಲ್ಲಿ ತಂದೆ, ಅಂದರೆ ಮೂರನೆಯ ಜಾರ್ಜ್ ದೊರೆ, ತೇಪೆ ಹಾಕಿದ ಚಲ್ಲಣ ತೊಟ್ಟು ಒಂದು ಬೇಯಿಸಿದ ಮೊಟ್ಟೆಯನ್ನು ತಿನ್ನುತ್ತಿದ್ದಾನೆ. ರಾಣಿ ಸೊಪ್ಪನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಾಳೆ. ಅಗ್ಗಿಷ್ಟಿಕೆಯಲ್ಲಿ ಬೆಂಕಿಯಿಲ್ಲ. ಒಬ್ಬನ ಹೊಟ್ಟೆಬಾಕತನವನ್ನು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಬ್ಬನ ಜಿಪುಣತನ ಎದುರಾಗುತ್ತದೆ. ದುಂದುಗಾರ ಮಗನ ಸಾಮತಿಯನ್ನು ಬಲ್ಲ ನಮಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ: ಮಗನೇನೋ ದುಂದುಗಾರನೇ, ಆದರೆ ಕರುಣಾಮಯಿ ತಂದೆಯ ಜಾಗದಲ್ಲಿ ಚಿಲಕ ಹಾಕಿದ ಪೆಟ್ಟಿಗೆಯ ಯಜಮಾನ ಕೂತಿದ್ದಾನೆ. ಗಿಲ್‌ರೇ ಆ ಸಾಮತಿಯನ್ನು ನೆನೆದೇ ಬರೆದನೆಂದು ನಾನು ಹೇಳಲಾರೆ. ಯುವರಾಜನಂತೂ ಇಂಥ ಚಿತ್ರಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದ! ವಿಂಡ್ಸರ್ ಅರಮನೆಯಲ್ಲಿ ಸೇರಿದ್ದ ಸಾವಿರಾರು ವಿಡಂಬನಾ ಚಿತ್ರಗಳನ್ನು 1921ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯ ಕೊಂಡುಕೊಂಡಿತು.

ಇಲ್ಲಿಯವರೆಗೆ ನಾನು ನಕ್ಕೇ ಬರೆದಿದ್ದೇನೆ. ಇನ್ನು ಕಥೋಲಿಕನೊಬ್ಬ ಈ ಚಿತ್ರಗಳಲ್ಲಿ ಹೇಗೆ ಕಾಣುತ್ತಾನೆಂಬುದನ್ನು ನೋಡಬೇಕು.

ಗಿಲ್‌ರೇಗಿಂತ ಹಿರಿಯನಾದ ವಿಲಿಯಂ ಹೊಗಾರ್ತ್ 1748ರಲ್ಲಿ ಫ್ರಾನ್ಸಿನ ಕ್ಯಾಲೇ ನಗರದ ಹೆಬ್ಬಾಗಿಲಿನ ಚಿತ್ರ ಬರೆದ. ಅಲ್ಲಿ ರೇಖಾಚಿತ್ರ ಬರೆಯುತ್ತಿದ್ದಾಗ ಗೂಢಚಾರನೆಂಬ ಗುಮಾನಿಯಿಂದ ಅವನನ್ನು ಹಿಡಿದಿದ್ದರು. ಆ ಸಿಟ್ಟು ಚಿತ್ರದಲ್ಲಿದೆ. ಇಂಗ್ಲೆಂಡಿನಿಂದ ಬಂದ ದನದ ಮಾಂಸದ ದೊಡ್ಡ ತುಂಡನ್ನು ಬಾಣಸಿಗ ಹೊತ್ತಿದ್ದಾನೆ, ಹಸಿದ ಫ್ರೆಂಚ್ ಸೈನಿಕರು ಬಾಯಿ ಬಿಟ್ಟು ನೋಡುತ್ತಿದ್ದಾರೆ, ನಡುವೆ ಒಬ್ಬ ದಡೂತಿ ಸನ್ಯಾಸಿ ಆ ಮಾಂಸವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾನೆ. ಈ ಸನ್ಯಾಸಿಗೆ ಮಾದರಿಯಾಗಿ ನಿಂತವನು ಹೊಗಾರ್ತನ ಗೆಳೆಯ ಜಾನ್ ಪೈನ್. ಆಮೇಲೆ ಊರೆಲ್ಲ ಅವನನ್ನು 'ಸನ್ಯಾಸಿ ಪೈನ್' ಎಂದೇ ಕರೆದು ಕಾಡಿತು. ಇದು ತಮಾಷೆಯ ಮಾತಾಯಿತು. ಚಿತ್ರದ ಹಿನ್ನೆಲೆಯಲ್ಲಿ, ಬಾಗಿಲಿನ ಆಚೆ, ಗುರುವಿನ ಮುಂದೆ ಮೊಣಕಾಲೂರಿದ ಜನರಿದ್ದಾರೆ; ಅವರ ಮೇಲೆ ತೂಗುವ ಪಾರಿವಾಳ ಒಂದು ಅಂಗಡಿಯ ಫಲಕ. ದಡೂತಿ ಸನ್ಯಾಸಿಯನ್ನು ನೋಡಿ ನಾನು ನಗಬಲ್ಲೆ. ಅಂಥವರಿಲ್ಲವೆಂದು ವಾದಿಸುವ ಧೈರ್ಯ ನನಗಿಲ್ಲ. ಆ ಮೊಣಕಾಲೂರಿದವರ ಬಳಿಗೆ ಬಂದಾಗ ನಗೆ ನಿಲ್ಲುತ್ತದೆ. ಅವರು ಏನು ತಪ್ಪು ಮಾಡಿದರು?

ಎಡ್ಮಂಡ್ ಬರ್ಕನ ಪಾಡು ಇನ್ನೂ ಬೋಧಪ್ರದವಾದುದು. ಡಬ್ಲಿನ್ನಿನಲ್ಲಿ ಹುಟ್ಟಿದ ಈ ಸಂಸದೀಯನ ತಾಯಿ ಕಥೋಲಿಕಳು. ಅವನು ಮಾತ್ರ ಆಂಗ್ಲಿಕನ್ ಸಭೆಯವನು. ಓದಿದ್ದು ಕ್ವೇಕರರ ಶಾಲೆಯಲ್ಲಿ. ಕಥೋಲಿಕರ ಮೇಲಿದ್ದ ದಂಡನೆಯ ಕಾನೂನುಗಳನ್ನು ಸ್ವಲ್ಪ ಸಡಿಲಿಸಬೇಕೆಂದು ವಾದಿಸಿದ್ದೇ ಅವನ ತಪ್ಪು. 1782ರಲ್ಲಿ ಗಿಲ್‌ರೇ ಅವನನ್ನು ಯೇಸುಸಭೆಯ ಗುರುವಿನ ಉಡುಪಿನಲ್ಲಿ, ಐರ್ಲೆಂಡಿನ ಮುರುಕು ಗುಡಿಸಿಲಿನಲ್ಲಿ ಆಲೂಗಡ್ಡೆ ತಿನ್ನುವವನಂತೆ ಬರೆದ. ಆಲೂಗಡ್ಡೆ ಇಟ್ಟದ್ದು ಒಂದು ಶೌಚದ ಪಾತ್ರೆಯಲ್ಲಿ; ಅದರ ಮೇಲೆ ಸಂತ ಪೇತ್ರರ ಪವಿತ್ರಾವಶೇಷವೆಂಬ ಬರಹ. ಆ ವರ್ಷ ಯೇಸುಸಭೆಯೇ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು! ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು 1773ರಲ್ಲಿ ಅದನ್ನು ವಿಸರ್ಜಿಸಿದ್ದರು. ರಷ್ಯದಂಥ ಕಡೆ ಅಲ್ಪಸ್ವಲ್ಪ ಉಳಿದಿತ್ತು, ಅಷ್ಟೆ. ಇಲ್ಲದ ಸಭೆಯ ಗುರುವಿನ ವೇಷ ತೊಡಿಸಲು ಬರ್ಕ್ ಬೇಕಾದ.

ನಾಲ್ಕು ವರ್ಷಗಳ ಮೇಲೆ ಅದೇ ವೇಷ ಮತ್ತೆ ಬಂತು. ಯುವರಾಜ ಮರಿಯಾ ಫಿಟ್ಸ್‌ಹರ್ಬರ್ಟ್ ಎಂಬ ಕಥೋಲಿಕ ವಿಧವೆಯನ್ನು 1785ರ ಡಿಸೆಂಬರ್ 15ರಂದು ಗುಟ್ಟಾಗಿ ವರಿಸಿದ. ಕಥೋಲಿಕಳನ್ನು ಮದುವೆಯಾದವನಿಗೆ ಸಿಂಹಾಸನವಿಲ್ಲವೆಂಬುದು ಆಗ ಅಲ್ಲಿನ ಶಾಸನವಾಗಿತ್ತು. 1786ರ ಮಾರ್ಚ್‌ನಲ್ಲಿ ಗಿಲ್‌ರೇ ಆ ಮದುವೆಯ ಚಿತ್ರ ಪ್ರಕಟಿಸಿದ: ಸ್ಥಳ ಕಥೋಲಿಕ ದೇವಾಲಯ, ವಿವಾಹ ನೆರವೇರಿಸುವ ಯೇಸುಸಭೆಯ ಗುರು ಬರ್ಕ್, ವಧುವನ್ನು ಒಪ್ಪಿಸುವವನು ಚಾರ್ಲ್ಸ್ ಫಾಕ್ಸ್. ವಾಸ್ತವದಲ್ಲಿ ಮದುವೆ ನಡೆದದ್ದು ಆಕೆಯ ಮನೆಯ ಕೋಣೆಯಲ್ಲಿ. ಮದುವೆ ಮಾಡಿಸಿದವನು ಆಂಗ್ಲಿಕನ್ ಪಾದ್ರಿ. ಬರ್ಕ್ ಅಲ್ಲಿರಲಿಲ್ಲ, ಫಾಕ್ಸನೂ ಇರಲಿಲ್ಲ. ಮದುವೆಯಾಗಿಯೇ ಇಲ್ಲವೆಂದು ಫಾಕ್ಸ್ ಸಂಸತ್ತಿನಲ್ಲಿ ಹೇಳಿಬಿಟ್ಟ. ಗಂಡನೂ ಬಾಯಿ ಬಿಡಲಿಲ್ಲ. ಆಕೆಯ ಪರವಾಗಿ ನಿಂತದ್ದು ಕೊನೆಗೆ ರೋಮ್ ಒಂದೇ. 1800ರಲ್ಲಿ ಅಲ್ಲಿಂದ ಬಂದ ಉತ್ತರ ಆಕೆಯ ವಿವಾಹವನ್ನು ಮಾನ್ಯ ಮಾಡಿತು. ನಗುವ ಕಿಟಕಿಯ ಮುಂದೆ ಒಬ್ಬ ಹೆಣ್ಣುಮಗಳ ಮಾನವೂ ತೂಗಾಡುತ್ತಿತ್ತು.

ಚಿತ್ರದಿಂದ ಏನಾಗುತ್ತದೆ, ನಗಲಿ ಬಿಡಿ ಎನ್ನುವವರುಂಟು. 1778ರಲ್ಲಿ ಕಥೋಲಿಕರಿಗೆ ಅಲ್ಪ ಪರಿಹಾರ ನೀಡುವ ಶಾಸನ ಬಂದ ಮೇಲೆ ದೊರೆಗೇ ಸನ್ಯಾಸಿಯ ಉಡುಪು ತೊಡಿಸಿದ ಚಿತ್ರಗಳು ಅಚ್ಚಾದವು. 1780ರ ಜೂನ್ 2ರಂದು ಲಾರ್ಡ್ ಜಾರ್ಜ್ ಗಾರ್ಡನ್ನನ ಹಿಂದೆ ಸಾವಿರಾರು ಜನ ಸಂಸತ್ತಿಗೆ ನಡೆದರು. ಆ ರಾತ್ರಿ ಸಾರ್ಡೀನಿಯ, ಬವೇರಿಯ ರಾಯಭಾರಿಗಳ ಕಿರುದೇವಾಲಯಗಳು ಧ್ವಂಸವಾದವು. ಲಂಡನ್ನು ಒಂದು ವಾರ ಉರಿಯಿತು. ನ್ಯೂಗೇಟ್ ಸೆರೆಮನೆ ಸುಟ್ಟಿತು. ಸೈನ್ಯದ ಗುಂಡಿಗೆ ಸುಮಾರು 300 ಮಂದಿ ಬಲಿಯಾದರು. ಚಿತ್ರಗಳೇ ಬೆಂಕಿ ಹಚ್ಚಿದವೆಂದು ಬರೆದರೆ ಅನ್ಯಾಯವಾದೀತು. ಬೆಂಕಿ ಹಚ್ಚಿದವರಲ್ಲಿ ಎಷ್ಟೋ ಮಂದಿಗೆ ಕಥೋಲಿಕನೊಬ್ಬನ ನಿಜವಾದ ಮುಖದ ಪರಿಚಯವಿರಲಿಲ್ಲ. ಅಂಗಡಿಯ ಕಿಟಕಿಯ ಮುಖ ಮಾತ್ರ ಗೊತ್ತಿತ್ತು ಎಂದರೆ ಸಾಕು.

ನಾನು ಗುರುಮಠದಲ್ಲಿದ್ದಾಗ ನಮ್ಮದೊಂದು ಕೈಬರಹದ ಗೋಡೆಪತ್ರಿಕೆ ಇತ್ತು. ನನ್ನ ಸಹಪಾಠಿಯೊಬ್ಬ ಅದರಲ್ಲಿ ನಮ್ಮ ಮುಖ್ಯಸ್ಥರನ್ನು ಕೊಕ್ಕರೆಯಾಗಿ ಬರೆದ. ಅವರ ಕೊರಳು ಉದ್ದವಾಗಿತ್ತು. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಅವರು ಬಂದರು, ಕನ್ನಡಕ ಸರಿಮಾಡಿಕೊಂಡು ನೋಡಿದರು, "ಕೊರಳು ಸರಿಯಿದೆ, ನಿಲುವಂಗಿಯ ಗುಂಡಿಗಳು ಕಡಿಮೆಯಾದವು" ಎಂದು ಹೇಳಿ ಹೊರಟುಹೋದರು. ಮುಂದಿನ ತಿಂಗಳು ಅದೇ ಕೈ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕುಂಟುಕಾಲಿನ ಅಜ್ಜನನ್ನು ಬರೆಯಿತು. ಕೊಕ್ಕರೆಗಿಂತ ಆ ಚಿತ್ರವೇ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮುಖ್ಯಸ್ಥರು ಒಂದು ಮಾತನ್ನೂ ಆಡದೆ ಅದನ್ನು ಕಿತ್ತು ಮಡಿಚಿ ಜೇಬಿಗೆ ಹಾಕಿಕೊಂಡರು. ಗಿಲ್‌ರೇಯ ಪುಟಗಳನ್ನು ತಿರುವುವಾಗ ಆ ಎರಡು ಚಿತ್ರಗಳು ನನ್ನ ಕಣ್ಮುಂದೆ ಬರುತ್ತವೆ. ಅವನಲ್ಲಿ ಎರಡೂ ಬಗೆಯವು ಇವೆ, ಎರಡರಲ್ಲೂ ಕೈ ಒಂದೇ.

1792ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಕಗ್ಗೊಲೆ ನಡೆಯಿತು. ಸತ್ತವರಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳಿದ್ದರು. ಅವರಲ್ಲಿ 191 ಮಂದಿ ಹುತಾತ್ಮರನ್ನು ಧರ್ಮಸಭೆ 1926ರಲ್ಲಿ ಧನ್ಯರೆಂದು ಸಾರಿತು. ಅದೇ ತಿಂಗಳಲ್ಲಿ ಗಿಲ್‌ರೇ ಕ್ರಾಂತಿಕಾರರ ಕುಟುಂಬವೊಂದು ನರಮಾಂಸದ ರಾತ್ರಿಯೂಟ ಮಾಡುವ ಭೀಕರ ಚಿತ್ರ ಬರೆದ. ಇತ್ತ ಫ್ರಾನ್ಸಿನಿಂದ ತಪ್ಪಿಸಿಕೊಂಡ ಗುರುಗಳು ಸಾವಿರಗಟ್ಟಲೆ ಇಂಗ್ಲೆಂಡಿನ ತೀರಕ್ಕೆ ಬಂದಿಳಿದರು. ದಡೂತಿ ಸನ್ಯಾಸಿಯನ್ನು ನೋಡಿ ನಗುತ್ತಿದ್ದ ಜನ ಈ ಹಸಿದ ಸನ್ಯಾಸಿಗಳಿಗಾಗಿ ಚಂದಾ ಎತ್ತಿದರು. ಆ ಚಂದಾಕ್ಕೆ ಮನವಿ ಬರೆದವನು, ಕಿಟಕಿಯ ಯೇಸುಸಭೆಯ ಗುರು, ಎಡ್ಮಂಡ್ ಬರ್ಕ್! ವ್ಯಂಗ್ಯಚಿತ್ರಕಾರರಿಗೆ ಹೊಳೆಯದ ವ್ಯಂಗ್ಯವನ್ನು ದೇವರು ಒಮ್ಮೊಮ್ಮೆ ತಾನೇ ಬರೆಯುತ್ತಾನೆಂದು ಕಾಣುತ್ತದೆ.

ಗಿಲ್‌ರೇ ಯಾರ ಪಕ್ಷದವನು? ಈ ಪ್ರಶ್ನೆಗೆ ಅವನ ಚಿತ್ರಗಳಲ್ಲಿ ಉತ್ತರವಿಲ್ಲ, ಲೆಕ್ಕಪತ್ರದಲ್ಲಿದೆ. ಅವನಿಗಿಂತ ಮೊದಲೇ ಜೇಮ್ಸ್ ಸೇಯರ್ಸ್ ಎಂಬವನು ದಾರಿ ತೋರಿಸಿದ್ದ. 1783ರಲ್ಲಿ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಯನ್ನು ಹತೋಟಿಗೆ ತರುವ ಮಸೂದೆ ಮಂಡಿಸಿದಾಗ, ಸೇಯರ್ಸ್ ಅವನಿಗೆ 'ಕಾರ್ಲೊ ಖಾನ್' ಎಂದು ಹೆಸರಿಟ್ಟು, ಪೇಟ ತೊಡಿಸಿ, ಆನೆಯ ಮೇಲೆ ಕೂರಿಸಿ ಕಂಪನಿಯ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ. ಮಸೂದೆ ಬಿತ್ತು. ಸಂಸತ್ತಿನ ಭಾಷಣಗಳಿಗಿಂತ ಆ ಚಿತ್ರಗಳೇ ತನಗೆ ಹೆಚ್ಚು ಕೇಡು ಮಾಡಿದವೆಂದು ಫಾಕ್ಸ್ ಹೇಳಿದ್ದನೆಂಬ ಮಾತಿದೆ. ಗೆದ್ದ ಪಿಟ್ ಸೇಯರ್ಸನಿಗೆ ಸರ್ಕಾರಿ ಹುದ್ದೆ ಕೊಡಿಸಿದ. ಭಾರತದ ಹೆಸರಿನಲ್ಲಿ ಲಂಡನ್ನು ನಕ್ಕಿತು, ಯಾರೋ ಒಬ್ಬನಿಗೆ ಸಂಬಳ ಗಟ್ಟಿಯಾಯಿತು.

ಗಿಲ್‌ರೇಯ ಸರದಿ 1796ರಲ್ಲಿ ಬಂತು. ಆ ಜನವರಿಯಲ್ಲಿ ಯುವರಾಜನಿಗೆ ಮಗಳು ಹುಟ್ಟಿದಳು. ಗಿಲ್‌ರೇ ಆ ಸಂದರ್ಭವನ್ನು ಮೂವರು ಜೋಯಿಸರ ಕಾಣಿಕೆಯ ಹೆಸರಿನಲ್ಲಿ ಬರೆದ: ಕುಡಿದ ತಂದೆಯ ಎದುರು ಫಾಕ್ಸ್ ಮತ್ತು ಶೆರಿಡನ್ ಶಿಶುವಿನ ಹಿಂಬದಿಗೆ ಮುತ್ತಿಡುತ್ತಿದ್ದಾರೆ. ದೈವನಿಂದೆಯ ಆಪಾದನೆಯ ಮೇಲೆ ಅವನ ಬಂಧನವಾಯಿತು. ದೊರೆಯನ್ನೂ ದಂಡನಾಯಕನನ್ನೂ ನೆನೆಯಿಸಿದಾಗ ಎಚ್ಚರಗೊಳ್ಳದ ಕಾನೂನು ಜೋಯಿಸರ ಹೆಸರಿಗೆ ಎಚ್ಚರಗೊಂಡಿತು. ಗುರುವಾದ ನಾನು ಇದನ್ನು ಓದಿ ಸಂತೋಷಪಡಬೇಕೋ ಏನೋ, ನನಗೆ ಸಂತೋಷವಾಗಲಿಲ್ಲ. ಜೋಯಿಸರ ಮಾನ ಕಾಯುವ ಕಾಳಜಿ ಅಲ್ಲಿ ಯಾರಿಗೂ ಇರಲಿಲ್ಲ, ಗಿಲ್‌ರೇಯ ಸೂಜಿಗೆ ಒಂದು ಹಗ್ಗ ಬೇಕಾಗಿತ್ತು. ಜಾರ್ಜ್ ಕ್ಯಾನಿಂಗ್ ಎಂಬ ಯುವ ರಾಜಕಾರಣಿಯ ಮಧ್ಯಸ್ಥಿಕೆಯಿಂದ ಪ್ರಕರಣ ತಣ್ಣಗಾಯಿತು. 1797ರಿಂದ ಗಿಲ್‌ರೇಗೆ ಪಿಟ್ ಸರ್ಕಾರದಿಂದ ವರ್ಷಕ್ಕೆ 200 ಪೌಂಡಿನ ಗುಟ್ಟಿನ ವೇತನ ಬರತೊಡಗಿತು. ತಿಪ್ಪೆಯ ಮೇಲಿನ ಅಣಬೆ ಈಗ ಅನ್ನದಾತ.

ವೇತನ ಪಡೆದ ಮೇಲೆ ಚಿತ್ರಗಳು ಕೆಟ್ಟವೆಂದು ಬರೆಯಲು ನನಗೆ ಆಸೆ. ಆದರೆ ಹಾಗಾಗಲಿಲ್ಲ. ಕೈ ಇನ್ನೂ ಪಳಗಿತು. 1805ರಲ್ಲಿ, ವೇತನ ನಿಂತು ನಾಲ್ಕು ವರ್ಷಗಳಾಗಿದ್ದಾಗ, ಬಡಕಲು ಪಿಟ್ ಮತ್ತು ಪುಟಾಣಿ ನೆಪೋಲಿಯನ್ ಊಟದ ಮೇಜಿನಲ್ಲಿ ಭೂಗೋಳವನ್ನು ಕಡುಬಿನಂತೆ ಕೊಯ್ದು ಹಂಚಿಕೊಳ್ಳುವ ಪ್ರಸಿದ್ಧ ಚಿತ್ರ ಬಂತು. ನೆಪೋಲಿಯನ್ ಆ ಕಾಲದ ಸಾಮಾನ್ಯ ಎತ್ತರದ ಮನುಷ್ಯ. ಗಿಲ್‌ರೇ ಅವನನ್ನು ಕುಳ್ಳನಾಗಿಸಿದ. ಜಗತ್ತು ಅದನ್ನೇ ನಂಬಿ ಕೂತಿದೆ. ಅವನ ಉಳಿದ ಸಾವಿರ ಗೆರೆಗಳಿಗಿಂತ ಈ ಒಂದು ಸುಳ್ಳು ಹೆಚ್ಚು ಕಾಲ ಬಾಳಿತು.

1806ರ ಸುಮಾರಿಗೆ ಗಿಲ್‌ರೇಯ ದೃಷ್ಟಿ ಮಂದವಾಯಿತು. ಕೆಲವು ವರ್ಷಗಳಲ್ಲಿ ಬುದ್ಧಿಯೂ ಕದಡಿತು. 1811ರಲ್ಲಿ ಮಾಳಿಗೆಯ ಕಿಟಕಿಯಿಂದ ಹಾರಲು ಯತ್ನಿಸಿದ. ಆ ಮನುಷ್ಯನನ್ನು ಕೊನೆಯವರೆಗೂ ಅಂಗಡಿಯ ಮಾಳಿಗೆಯಲ್ಲಿ ಇಟ್ಟುಕೊಂಡು ನೋಡಿಕೊಂಡವರು ಅವನು ಗೆಲ್ಲಿಸಿದ ಮಂತ್ರಿಗಳಲ್ಲ, ಹ್ಯಾನಾ ಹಂಫ್ರಿ. 1815ರ ಜೂನ್ 1ರಂದು ಅವನು ತೀರಿಕೊಂಡ. ವಾಟರ್‌ಲೂ ಯುದ್ಧಕ್ಕೆ ಇನ್ನು 17 ದಿನಗಳಿದ್ದವು.